ಮಳೆಗಾಲದಲ್ಲಿ ಹಕ್ಕಿ ಫೋಟೊ ತೆಗೆಯಲು ಐಎಸ್‌ಒ ಎಷ್ಟಿಡಬೇಕು?

ತುಂಗಾ ನದಿಯ ಮಂಡಗದ್ದೆ ಪಕ್ಷಿಧಾಮದಲ್ಲಿ ಐಎಸ್‌ಒ (ಬಿದ್ದ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಬೇಕು ಅನ್ನುವ ಸಂಖ್ಯೆ) 100 ಇಟ್ಟರೆ ಹಕ್ಕಿಗಳೆಲ್ಲ ಬ್ಲರ್, 3200ಕ್ಕೆ ಏರಿಸಿದರೆ ಫೋಟೊ ತುಂಬಾ ಕಾಳು ಕಾಳು, ಹಾಗಾದರೆ ಎಷ್ಟಿಡಬೇಕು ಅಂತ ಕೇಳಿದ್ದೀರಿ. ನಾನು ಹೇಳುವುದಾದರೆ ಮೊದಲು ಶಟರ್ ಸ್ಪೀಡ್, ಅಂದರೆ ಬೆಳಕು ಒಳಬಿಡುವ ಶಟರ್ ಎಷ್ಟು ಹೊತ್ತು ತೆರೆದಿರುತ್ತದೆ ಅನ್ನುವುದನ್ನು ನೋಡಿ, ಐಎಸ್‌ಒ ಅದರ ಹಿಂದೆ ಬರಲಿ. ಕಾಳನ್ನು ಆಮೇಲೆ ಸಾಫ್ಟ್‌ವೇರ್‌ನಲ್ಲಿ ಸುಮಾರಾಗಿ ತೆಗೆಯಬಹುದು. ಬ್ಲರ್ ಆದ ಹಕ್ಕಿ ಮಾತ್ರ ಹೋದಂಗೇ.

ಲೆಕ್ಕ ಸುಲಭ. ಐಎಸ್‌ಒ ದುಪ್ಪಟ್ಟು ಮಾಡಿದರೆ ಶಟರ್ ಅರ್ಧ ಸಮಯ ತೆರೆದರೆ ಸಾಕು. ಜುಲೈ ತಿಂಗಳ ಮೋಡದಲ್ಲಿ 100ಕ್ಕೆ 1/60 ಸೆಕೆಂಡ್ ಸಿಗುತ್ತಿದೆ ಅಂದುಕೊಳ್ಳಿ, 200ಕ್ಕೆ 1/125, 400ಕ್ಕೆ 1/250, ಹೀಗೆ ಹೋದರೆ 1600ಕ್ಕೆ ಬರುವಷ್ಟರಲ್ಲಿ 1/1000 ಸಿಕ್ಕಿತು. ತುಂಗೆಯ ಮೇಲೆ ಹಾರುವ ಬೆಳ್ಳಕ್ಕಿಗೆ ಅಷ್ಟು ಬೇಕೇ ಬೇಕು. ಗೂಡಿನಲ್ಲಿ ಸುಮ್ನೆ ಕೂತ ನೀರುಕಾಗೆಗೆ ಬೇಡ, ಆದರೆ ಕೈಯಲ್ಲೇ ಹಿಡಿದ 300 ಎಂಎಂ ಲೆನ್ಸ್ ನಡುಗುತ್ತದಲ್ಲ, ಅದಕ್ಕೆ 1/500 ಆದರೂ ಇರಲಿ.

ಐಎಸ್‌ಒ ಏರಿಸಿದರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್‌ಗೆ ಬೆಳಕೇನೂ ಹೆಚ್ಚು ಬೀಳುವುದಿಲ್ಲ. ಬಿದ್ದಷ್ಟನ್ನೇ ಕ್ಯಾಮೆರಾ ದೊಡ್ಡದು ಮಾಡಿ ತೋರಿಸುತ್ತದೆ, ಅಷ್ಟೇ. ಭದ್ರಾವತಿ ಆಕಾಶವಾಣಿ ಸರಿಯಾಗಿ ಸಿಗದ ಊರಲ್ಲಿ ರೇಡಿಯೋ ವಾಲ್ಯೂಮ್ ಏರಿಸಿದರೆ ಹಾಡಿನ ಜೊತೆ ಗೊರಗೊರ ಸದ್ದೂ ಏರುತ್ತದೆ, ಅಲ್ವಾ? ಹಾಗೇ ಇದು. ಕಾಳಿಗೆ ಹೆದರಿ 400ರಲ್ಲಿ ಕಪ್ಪಗೆ ತೆಗೆದು, ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ಬೆಳಕು ಏರಿಸುವವರಿದ್ದಾರೆ. ಅದರಿಂದ ಲಾಭವೇನೂ ಇಲ್ಲ. ಜೆಪೆಗ್‌ನಲ್ಲಿ ತೆಗೆದಿದ್ದರಂತೂ 1600ರಲ್ಲಿ ಸರಿಯಾದ ಬೆಳಕಿಗೆ ತೆಗೆದದ್ದಕ್ಕಿಂತ ಕೆಟ್ಟದಾಗಿ ಕಾಣುತ್ತದೆ.

ನಿಮ್ಮ ಕ್ಯಾಮೆರಾ ಯಾವುದು ಅಂತ ಬರೆದಿಲ್ಲ. ಕೆನಾನ್, ನಿಕಾನ್, ಸೋನಿ ಯಾವುದಾದರೂ ಮೆನುವಿನಲ್ಲಿ ಆಟೋ ಐಎಸ್‌ಒ ಇರುತ್ತದೆ, ಅದಕ್ಕೆ ಒಂದು ಮೇಲಿನ ಮಿತಿ ಕೊಡಬಹುದು. 3200 ಕೊಡಿ, ಕ್ಯಾಮೆರಾ ಹೊಸದಾದರೆ 6400. ಶಟರ್ ಪ್ರಯಾರಿಟಿಗೆ (ಶಟರ್ ಸ್ಪೀಡ್ ಮಾತ್ರ ನಾವೇ ಇಡುವ ಮೋಡ್) ಹಾಕಿ 1/1000 ಇಟ್ಟು, ಉಳಿದದ್ದನ್ನು ಅದಕ್ಕೇ ಬಿಡಿ. ಫೋಟೊ ಕಪ್ಪಗೆ ಬರತೊಡಗಿದರೆ ಮಿತಿ ಮುಟ್ಟಿದೆ ಅಂತ ಅರ್ಥ, ಆಗ ಶಟರ್ ಸ್ಪೀಡ್ ಇಳಿಸಿ.

ಒಂದು ವಿಷಯ ಮಾತ್ರ ಆಟೋ ನೋಡಿಕೊಳ್ಳುವುದಿಲ್ಲ. ಕಡು ಹಸಿರು ಮರದ ಮುಂದೆ ಬಿಳಿ ಹಕ್ಕಿ ಕೂತರೆ ಕ್ಯಾಮೆರಾ ಮರ ನೋಡಿ ಬೆಳಕು ಏರಿಸಿ, ಬೆಳ್ಳಕ್ಕಿಯ ಗರಿಯೆಲ್ಲ ಸುಣ್ಣ ಬಳಿದಂತೆ ಮಾಡುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಕ್ಯಾಮೆರಾ ಲೆಕ್ಕ ಹಾಕಿದ ಬೆಳಕನ್ನು ನಾವು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಮೈನಸ್ 1ಕ್ಕೆ ಇಳಿಸಿ ನೋಡಿ. ಆಗುಂಬೆಯ ಮಂಜಿನಲ್ಲಿ ಇದು ಉಲ್ಟಾ, ಪ್ಲಸ್ 1 ಬೇಕಾಗುತ್ತದೆ.

ಇನ್ನು ಜೋಗ. ನೀರು ಹತ್ತಿಯಂತೆ ಮೆತ್ತಗೆ ಬರಬೇಕಾದರೆ ಆಟೋ ತೆಗೆದು 100 ಇಡಿ, ಟ್ರೈಪಾಡ್ ಮೇಲೆ 1/4 ಸೆಕೆಂಡ್ ಸಾಕು. ಅಲ್ಲಿಂದ ವಾಪಸ್ ಹಕ್ಕಿಗೆ ಹೋಗುವಾಗ ಆಟೋ ಆನ್ ಮಾಡಿಕೊಳ್ಳಿ.