ಐವರ ತಂಡಗಳ ಶೂಟಿಂಗ್ ವಿಡಿಯೋ ಗೇಮ್ ವ್ಯಾಲರಂಟ್‌ನಲ್ಲಿ ಪಿಸ್ತೂಲ್ ರೌಂಡ್ (ಪಿಸ್ತೂಲಿಗಷ್ಟೇ ಹಣವಿರುವ ಮೊದಲ ರೌಂಡ್) ಸೋತ ತಂಡ ಎರಡನೇ ರೌಂಡಿನಲ್ಲಿ ಗನ್ ಕೊಳ್ಳದೆ ಆಡುವುದೇಕೆ?

ಮೂರನೇ ರೌಂಡಿಗೆ ಐವರ ಕೈಯಲ್ಲೂ ರೈಫಲ್ ಇರಲಿ ಅಂತ. ರೈಫಲ್‌ಗಳಲ್ಲೊಂದಾದ ವ್ಯಾಂಡಲ್‌ಗೆ 2900, ದೊಡ್ಡ ಶೀಲ್ಡ್‌ಗೆ 1000, ಒಟ್ಟು 3900 ಕ್ರೆಡಿಟ್ (ಆಟದೊಳಗಿನ ಹಣ) ಬೇಕು. ಮೊದಲ ಸೋಲಿಗೆ ಸಿಗುವುದು 1900, ಸತತ ಎರಡನೆಯದಕ್ಕೆ 2400. ಎರಡನ್ನೂ ಕೂಡಿಟ್ಟರೆ 4300. ಎದುರಾಳಿಯ ಕಣ್ಣು ಮರೆಸುವ ಸ್ಮೋಕ್‌, ಫ್ಲ್ಯಾಶ್‌ಗೂ ಚಿಲ್ಲರೆ ಉಳಿಯುತ್ತದೆ. ಅದೇ ಎರಡನೇ ರೌಂಡಿನಲ್ಲಿ ಅಗ್ಗದ ಗನ್ ಆದ ಸ್ಪೆಕ್ಟರ್‌ಗೆ 1600 ಸುರಿದು ಸೋತಿರೋ, ಕೈಯಲ್ಲಿ 2700. ಬರೀ ವ್ಯಾಂಡಲ್‌ಗೂ ಸಾಲದು.

ಲೆಕ್ಕ ಕೆಡುವುದು ಸಾಮಾನ್ಯವಾಗಿ ಒಬ್ಬರಿಂದ. ನಾಲ್ವರು ಉಳಿಸುವಾಗ ಐದನೆಯವರು ಗನ್ ಕೊಂಡು, ಒಂಟಿಯಾಗಿ ನುಗ್ಗಿ ಸತ್ತು, ಅದನ್ನೂ ಎದುರಾಳಿಗೆ ಒಪ್ಪಿಸುತ್ತಾರೆ. ಮುಂದಿನ ರೌಂಡಿಗೆ ಕನಿಷ್ಠ ಎಷ್ಟು ಇರುತ್ತದೆಂದು ಖರೀದಿ ಪರದೆಯೇ ತೋರಿಸುತ್ತದೆ; ಆ ಅಂಕಿ 3900ಕ್ಕಿಂತ ಇಳಿಯದಷ್ಟು ಮಾತ್ರ ಖರ್ಚು ಮಾಡಿ.