ಸೀತಾಫಲ ಕಣ್ಣು ಬಿಡುವ ಕಾಲ

ಶಹಾಪುರದಿಂದ ತಾಯಿಯೊಬ್ಬರು ಬರೆದಿದ್ದಾರೆ: ‘ಶರತ್ಕಾಲದ ಚಟುವಟಿಕೆಯೆಂದು, ಉದುರಿದ ಕೆಂಪು ಎಲೆಗಳನ್ನು ಆರಿಸಿ ಹಾಳೆಗೆ ಅಂಟಿಸಿ ತರಲು ಮಗಳ ಶಾಲೆಯಲ್ಲಿ ಹೇಳಿದ್ದಾರೆ. ಎಲ್ಲಿ ಹುಡುಕಿದರೂ ಸಿಗಲಿಲ್ಲ. ದಸರೆ ರಜೆಗೆ ಅಜ್ಜಿಯ ಊರಿಗೆ ಕಳಿಸಿದರೆ ಬರೀ ಹೊಲ ಸುತ್ತುತ್ತಾಳೆ, ಓದು ಹಾಳಾಗುತ್ತದೆ. ಏನು ಮಾಡಿಸಲಿ?’

ತಾಯಿ, ಇಪ್ಪತ್ತು ದಿನ ಪುಸ್ತಕ ಮುಟ್ಟದಿದ್ದರೆ ಮಗ್ಗಿ ಮರೆಯಬಹುದೆಂಬ ನಿಮ್ಮ ಅಂಜಿಕೆ ಸುಳ್ಳಲ್ಲ. ಸಂಜೆ ಅರ್ಧ ತಾಸು ಓದಿಸಿರಿ. ಆದರೆ ‘ಬರೀ ಹೊಲ’ ಎಂದಿರಲ್ಲ, ಆ ‘ಬರೀ’ ನನಗೆ ನೋವು ತಂದಿತು.

ಕೆಂಪು ಎಲೆ ಸಿಗದಿದ್ದರೆ ಅದು ಮಗುವಿನ ತಪ್ಪಲ್ಲ. ಚಳಿ ನಾಡುಗಳಲ್ಲಿ ಹಗಲು ಕುಗ್ಗಿದಾಗ ಎಲೆಯ ಹಸಿರು ಅಳಿದು ಬೇರೆ ಬಣ್ಣಗಳು ತೋರುತ್ತವೆ. ನಮ್ಮ ಗಿಡಗಳು ಎಲೆ ಉದುರಿಸುವುದು ನೆಲದ ತೇವ ಆರಿದ ಮೇಲೆ, ಯುಗಾದಿಗೆ ಮುಂಚೆ. ಆಶ್ವಯುಜ, ಕಾರ್ತಿಕಗಳಲ್ಲಿ ಇಲ್ಲಿ ತೊಗರಿ ಹಳದಿ ಹೂ ಬಿಟ್ಟು ನಿಂತಿರುತ್ತದೆ, ಹಸ್ತಾ ಮಳೆಯ ಹದ ನೋಡಿ ಹಿಂಗಾರಿ ಬಿಳಿಜೋಳ ಬಿತ್ತುತ್ತಿರುತ್ತಾರೆ.

ಚಿಂಚೋಳಿ ಕಡೆಯ ಗುಡ್ಡಗಳಲ್ಲಿ ನಾವು ಹುಡುಗರು ಕಳೆದ ರಜೆಗಳೆಲ್ಲ ಸೀತಾಫಲದವು. ಕಾಯಿಯ ಗಂಟುಗಳ ನಡುವಿನ ಗೆರೆ ಬಿಳುಪೇರಿ ಅಗಲವಾದರೆ ‘ಕಣ್ಣು ಬಿಟ್ಟಿದೆ’ ಎನ್ನುತ್ತಿದ್ದೆವು. ಅದಕ್ಕೂ ಮೊದಲು ಹರಿದದ್ದು ಹಣ್ಣಾಗದೆ ಕರ್ರಗೆ ಕಲ್ಲಾಗುತ್ತಿತ್ತು. ತಂದ ಕಾಯಿಗಳನ್ನು ಜೋಳದ ಚೀಲದಲ್ಲಿ ಹುಗಿದಿಟ್ಟು, ಎರಡು ದಿನ ಗಳಿಗೆಗೊಮ್ಮೆ ಕೈಹಾಕಿ ಒತ್ತಿ ನೋಡುತ್ತಿದ್ದೆವು. ಮೂರನೆಯ ದಿನ ಬೆರಳಿನಡಿ ಸಿಪ್ಪೆ ಮೆತ್ತಗೆ ಬಿರಿಯುತ್ತಿತ್ತು. ಬೀಜ ಅರೆದ ಕೈಯನ್ನು ಕಣ್ಣಿಗೆ ಒಯ್ಯಬಾರದೆಂದು ಅಜ್ಜಿ ಎಚ್ಚರಿಸುತ್ತಿದ್ದರು, ಅದು ಕಣ್ಣನ್ನೇ ಕೆಡಿಸುವ ವಿಷ. ಕಾಯುವುದು, ಗುರುತಿಸುವುದು, ಹಂಚಿಕೊಳ್ಳುವುದು ಓದಲ್ಲವೆಂದು ಯಾರು ಹೇಳಿದರು?

ವಿಜಯದಶಮಿಯ ಸಂಜೆ ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎನ್ನುತ್ತ ಮನೆಮನೆಗೆ ಓಡುವ ಮಗು ಊರಿನ ಹಿರಿಯರೆಲ್ಲರ ಕಾಲು ಮುಟ್ಟಿ ಬರುತ್ತದೆ. ನಮ್ಮ ಲಂಬಾಣಿ ತಾಂಡಾಗಳಲ್ಲಿ ದೀಪಾವಳಿಯ ಅಮಾವಾಸ್ಯೆಯ ರಾತ್ರಿ ಮದುವೆಯಾಗದ ಹುಡುಗಿಯರು ದೀಪ ಹಿಡಿದು ‘ಮೇರಾ’ ಎಂಬ ಹಾರೈಕೆಯ ಹಾಡು ಹೇಳುತ್ತ ಮನೆಮನೆಗೆ ಹೋಗುತ್ತಾರೆ, ಮರುದಿನ ಹಾಡುತ್ತ ಅಡವಿಯಿಂದ ಹೂ ತರುತ್ತಾರೆ. ಹಬ್ಬ ಮುಗಿಯುತ್ತಲೇ ಅವರಲ್ಲಿ ಎಷ್ಟೋ ಮಕ್ಕಳು ತಂದೆತಾಯಿಯ ಬೆನ್ನಿಗೆ ಕಬ್ಬು ಕಡಿಯುವಲ್ಲಿಗೆ, ಇಟ್ಟಂಗಿ ಭಟ್ಟಿಗಳಿಗೆ ಗುಳೆ ಹೊರಡುತ್ತಾರೆ. ಅವರ ದೀಪವಾಗಲಿ ಗುಳೆಯಾಗಲಿ ಮಕ್ಕಳ ಯಾವ ಚಟುವಟಿಕೆ ಹಾಳೆಯಲ್ಲಿಯೂ ನನಗೆ ಕಂಡಿಲ್ಲ. ಎಲ್ಲಿಯದೋ ಗಿಡದ ಎಲೆಗೆ ಜಾಗವಿದೆ, ಪಕ್ಕದ ತಾಂಡಾದ ಹುಡುಗಿಗೆ ಇಲ್ಲ. ನಮ್ಮ ಕಲ್ಯಾಣ ಕರ್ನಾಟಕ ಭಾಗದ ಮಕ್ಕಳಿಗೆ ತಮ್ಮ ಊರೇ ಕಡಿಮೆಯದೆಂಬ ಭಾವನೆ ಹುಟ್ಟುವುದು ಇಂಥ ಕಡೆಯಿಂದಲೇ, ಮತ್ತು ಆಮೇಲೆ ಸಂವಿಧಾನದ 371(ಜೆ) ಕಲಮು ಈ ಭಾಗಕ್ಕೆ ಕೊಟ್ಟ ವಿಶೇಷ ಸ್ಥಾನಮಾನವೂ ಅದನ್ನು ತೊಡೆಯಲಾರದು.

ಮಗಳನ್ನು ಅಜ್ಜಿಯ ಊರಿಗೆ ಕಳಿಸಿರಿ. ಮರಳಿ ಬಂದ ಮೇಲೆ ಆ ಹಾಳೆಗೆ ಒಂದು ತೊಗರಿ ಹೂವನ್ನೂ ಒಂದು ಎಸಳು ಬನ್ನಿಯನ್ನೂ ಅಂಟಿಸಿಕೊಂಡು ಹೋಗಲಿ. ಗುರುಗಳು ಕೆಂಪು ಎಲೆ ಎಲ್ಲಿ ಎಂದು ಕೇಳಿದರೆ ಈ ಉತ್ತರವನ್ನು ತೋರಿಸಿರಿ.

– ಸಂಪಾದಕ