ಪ್ರತಿಕ್ರಿಯೆ: ಸ್ಪಿಟ್‌ಫೈರ್ ಏಲೆರಾನ್‌ಗೆ ಹೊರಗೆ ಕಾಣದ ಲಿಂಕೇಜ್

2 ಮೀಟರ್ ರೆಕ್ಕೆಯ ಸ್ಪಿಟ್‌ಫೈರ್ ಮಾದರಿ ವಿಮಾನದಲ್ಲಿ ಏಲೆರಾನ್ (ವಿಮಾನವನ್ನು ಎಡ-ಬಲಕ್ಕೆ ವಾಲಿಸಲು ರೆಕ್ಕೆಯ ಹಿಂದಂಚಿನಲ್ಲಿ ಆಡುವ ಪಟ್ಟಿ) 20 ಡಿಗ್ರಿ ಆಡಬೇಕು, ಅದರ ಹಾರ್ನ್ (ಹಿಡಿಕೆ), ಪುಶ್‌ರಾಡ್ (ಅದನ್ನು ತಳ್ಳುವ ಕಡ್ಡಿ) ಎರಡೂ ಕಾಣಬಾರದು ಅಂತ ಕೇಳಿದ್ದೀರಿ. ಅದರ ತೆಳುವಾದ ರೆಕ್ಕೆಗೆ ಆರ್‌ಡಿಎಸ್ (ರೋಟರಿ ಡ್ರೈವ್ ಸಿಸ್ಟಮ್) ಒಳ್ಳೆಯದು: ಸರ್ವೋ ಮೋಟಾರಿನ ಶಾಫ್ಟಿಗೆ ನೇರವಾಗಿ ಕೂರಿಸಿದ ಬಾಗಿದ ತಂತಿ ಏಲೆರಾನ್ ಒಳಗಿನ ಜೇಬಿನಲ್ಲಿ ತಿರುಗಿ ಅದನ್ನು ಎತ್ತುತ್ತದೆ, ಇಳಿಸುತ್ತದೆ.

3 ಮಿ.ಮೀ. ಪಿಯಾನೋ ವೈರನ್ನು (ಗಟ್ಟಿ ಉಕ್ಕಿನ ತಂತಿ) 30 ಡಿಗ್ರಿ ಬಗ್ಗಿಸಿ. ಸರ್ವೋ 45 ಡಿಗ್ರಿ ತಿರುಗಿದಾಗ ಏಲೆರಾನ್ ಸುಮಾರು 22 ಡಿಗ್ರಿ ಚಲಿಸುತ್ತದೆ. ಕಾಯಿಸಿ ಬಗ್ಗಿಸಬೇಡಿ, ಹದ ಹೋಗಿ ತಂತಿ ಮೆತ್ತಗಾಗುತ್ತದೆ.

ಎಲ್ಲರೂ ಎಡವುವುದು ಬಾಗಿನ ಜಾಗದಲ್ಲಿ. ಅದು ಹಿಂಜ್‌ನ (ಏಲೆರಾನ್ ಆಡುವ ಕೀಲು) ಅಕ್ಷದ ಮೇಲೇ ಬರಬೇಕು, ಇಲ್ಲದಿದ್ದರೆ ತಂತಿ ಬಿಗಿಯುತ್ತದೆ. ಸ್ಪಿಟ್‌ಫೈರ್‌ನದು ಫ್ರೈಸ್ ಏಲೆರಾನ್, ಹಿಂಜ್ ಮುಂದಿನ ಅಂಚಿನಲ್ಲಿಲ್ಲ, ಹಿಂದಿದೆ. ರೆಕ್ಕೆಗೂ ಏಲೆರಾನ್‌ಗೂ ನಡುವಿನ ಸಂದಿಯಿಂದ ಅಳೆದರೆ ಖಂಡಿತ ತಪ್ಪುತ್ತದೆ. ಹಿಂಜ್‌ಗಿಂತ ಮುಂದಿರುವ ಭಾಗವೂ ಆಡುವುದರಿಂದ ಅಲ್ಲಿ ತಂತಿಗೆ ಲಂಬವಾದ ಸೀಳು ಬಿಡಿ.

ಜೇಬಿಗೆ ತಾಮ್ರ ತೆಗೆದ ಗ್ಲಾಸ್ ಎಪಾಕ್ಸಿ ಸರ್ಕ್ಯೂಟ್ ಬೋರ್ಡಿನ ಎರಡು ತುಂಡು ಸಾಕು. ತಂತಿಗೆ ಮೇಣ ಸವರಿ, ನಡುವೆ ಇಟ್ಟೇ ಎಪಾಕ್ಸಿ ಹಾಕಿದರೆ ಅಂತರ ಕೂದಲೆಳೆಯಷ್ಟೂ ಹೆಚ್ಚಾಗದು. ಬಾಗಿನಾಚೆ 30 ಮಿ.ಮೀ. ತಂತಿಯಿದ್ದರೆ ಅದರ ತುದಿ ನ್ಯೂಟ್ರಲ್‌ನಲ್ಲಿ (ಏಲೆರಾನ್ ನೇರವಿದ್ದಾಗ) 15 ಮಿ.ಮೀ. ಪಕ್ಕಕ್ಕೆ ಮಲಗಿರುತ್ತದೆ, ಪೂರ್ತಿ ತಿರುಗಿದಾಗ 11ಕ್ಕೆ ಬರುತ್ತದೆ. ಜೇಬು ಅಷ್ಟು ಅಗಲವಿರಲಿ. ನ್ಯೂಟ್ರಲ್‌ನಲ್ಲಿ ತಂತಿ ಮಟ್ಟಸವಾಗಿ ಮಲಗದಿದ್ದರೆ ಮೇಲಿನ, ಕೆಳಗಿನ ಚಲನೆ ಸಮ ಬರುವುದಿಲ್ಲ.

ಬಾಗಿನ ಹತ್ತಿರವೇ ಒಂದು ಹಿತ್ತಾಳೆ ಬುಷ್ (ತಂತಿ ತಿರುಗುವ ಕೊಳವೆ) ಬೇಕೇ ಬೇಕು. ಸರ್ವೋ ಆನ್ ಮಾಡಿ ಏಲೆರಾನ್‌ನ ಹಿಂದಿನ ಅಂಚನ್ನು ಬೆರಳಲ್ಲಿ ಅಲುಗಿಸಿ: ಸಡಿಲ ಕಂಡರೆ ಹಾರಿಸಬೇಡಿ, ವೇಗದಲ್ಲಿ ಫ್ಲಟರ್ (ಜೋರಾದ ನಡುಕ) ಆಗಿ ಏಲೆರಾನ್ ಕಿತ್ತುಹೋಗಬಹುದು.